ಎರಡು ದಿನದ ಗೇಮ್ ಜಾಮ್‌ನಲ್ಲಿ ಕಥೆ ಏಕೆ ಮುಗಿಯುವುದಿಲ್ಲ?

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದಲ್ಲಿ ಕಥೆ ಬರೆಯುವವರು, ಸಣ್ಣಪುಟ್ಟ ಗೇಮ್ ಮಾಡುವವರು ಹನ್ನೆರಡು ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಹೋದ ಜುಲೈಯಲ್ಲಿ ಟೀಮ್ ಕಟ್ಟಿಕೊಂಡು 48 ಗಂಟೆಯೊಳಗೆ ಹೊಸ ಗೇಮ್ ಮಾಡಿ ಮುಗಿಸುವ ಗೇಮ್ ಜಾಮ್ ಇಟ್ಟೆವು. 34 ಜನ ಬಂದರು, 9 ಟೀಮ್ ಆದವು. ಭಾನುವಾರ ಸಂಜೆ ಆಡುವ ಸ್ಥಿತಿಯಲ್ಲಿದ್ದದ್ದು ಎರಡೇ ಗೇಮ್. ಕೋಡಿಂಗ್ ಬರುವವರು ಮೂರೇ ಜನ ಇದ್ದರು. ಶನಿವಾರ ರಾತ್ರಿ ಕರೆಂಟು ಹೋಗಿದ್ದು ಬೆಳಗಿನ ತನಕ ಬರಲಿಲ್ಲ. ಒಂದು ಟೀಮಿನ ಕನ್ನಡ ಅಕ್ಷರಗಳೆಲ್ಲ ಒಡೆದುಹೋದವು. ಕೊನೆಗೆ 10,000 ರೂಪಾಯಿ ಬಹುಮಾನದ ವಿಷಯಕ್ಕೆ ಮನಸ್ತಾಪವೂ ಆಯಿತು. ಮತ್ತೊಮ್ಮೆ ಮಾಡುವ ಆಸೆಯಿದೆ. ಮೈಸೂರಿನಿಂದ ಪ್ರೋಗ್ರಾಮರ್‌ಗಳನ್ನು ಕರೆಸಬೇಕೇ? ಬಹುಮಾನ ಇರಬೇಕೇ? ನಮ್ಮ ಕಡೆಯ ಹಳೆಯ ಕಥೆ, ಹಾಡುಗಳನ್ನು ಗೇಮ್‌ಗೆ ಬಳಸಿದರೆ ಯಾರಾದರೂ ಆಕ್ಷೇಪಿಸುತ್ತಾರೆಯೇ?

ಉತ್ತರ: ಅಷ್ಟು ಜನ ಆಸೆಯಿಂದ ಬಂದರೂ ಕೈಗೆ ಹೆಚ್ಚೇನೂ ಸಿಗಲಿಲ್ಲವಲ್ಲ, ತಪ್ಪಿದ್ದೆಲ್ಲಿ ಎಂಬುದು ನಿಮ್ಮ ಚಿಂತೆ. ಕರೆಂಟು, ಕೋಡಿಂಗ್, ಅಕ್ಷರ, ದುಡ್ಡು ಎಂದು ನಾಲ್ಕು ಕಾರಣ ಬರೆದಿದ್ದೀರಿ. ನಾಲ್ಕೂ ನಿಜವಾದ ತೊಂದರೆಗಳೇ. ಆದರೂ ಈ ನಾಲ್ಕೂ ಇಲ್ಲದಿದ್ದರೆ ಒಂಬತ್ತಕ್ಕೆ ಒಂಬತ್ತೂ ಮುಗಿಯುತ್ತಿದ್ದವು ಎಂದು ನಂಬಬೇಡಿ. ಕಥೆಯ ಗೇಮ್ ಅರ್ಧಕ್ಕೆ ನಿಲ್ಲುವ ಕಾರಣ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನದ ಊಟಕ್ಕೆ ಮೊದಲೇ ಹುಟ್ಟಿಕೊಂಡಿರುತ್ತದೆ. ಕಥೆ ಎಷ್ಟು ಕವಲೊಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಹೀಗಿದೆ. ಆಡುವವರ ಮುಂದೆ ಪ್ರತಿ ಸಲ ಎರಡು ಆಯ್ಕೆ ಇಟ್ಟು, ಅಂಥ ಐದು ಹಂತ ಕೊಟ್ಟು, ಯಾವ ಕವಲನ್ನೂ ಮತ್ತೆ ಕೂಡಿಸದೆ ಬಿಟ್ಟರೆ 1, 2, 4, 8, 16, 32 ಎಂದು ಒಟ್ಟು 63 ತುಣುಕು ಬರೆಯಬೇಕಾಗುತ್ತದೆ. ತುಣುಕಿಗೆ 80 ಪದವೆಂದರೂ ಐದು ಸಾವಿರ ಪದ ದಾಟಿತು. ಹೊಸದಾಗಿ ಯೋಚಿಸುತ್ತ, ಕನ್ನಡದಲ್ಲಿ ಟೈಪ್ ಮಾಡುತ್ತ ಗಂಟೆಗೆ 300 ಪದ ದಾಟುವವರು ಕಡಿಮೆ. ಅಂದರೆ ಊಟ, ನಿದ್ದೆ, ಜಗಳ, ತಿದ್ದುಪಡಿ ಎಲ್ಲ ಬಿಟ್ಟು ಬರೀ ಬರೆಯುವುದಕ್ಕೇ ಸುಮಾರು 17 ಗಂಟೆ. ಅದೇ ಕಥೆಯಲ್ಲಿ ಐದು ಜಾಗದಲ್ಲಿ ಎರಡೆರಡು ಆಯ್ಕೆ ಕೊಟ್ಟು, ಪ್ರತಿ ಸಲವೂ ಎರಡೂ ದಾರಿಯನ್ನು ಮುಂದಿನ ಜಾಗಕ್ಕೆ ಕೂಡಿಸಿ, ಕೊನೆಗೆ ಮಾತ್ರ ಮೂರು ಮುಕ್ತಾಯ ಇಟ್ಟರೆ 18 ತುಣುಕು ಸಾಕು. ಐದು ಗಂಟೆಯ ಬರವಣಿಗೆ. ನಿಮ್ಮ ಏಳು ಟೀಮ್‌ಗಳ ಕರಡು ಉಳಿದಿದ್ದರೆ ತೆಗೆದು ಎಣಿಸಿ ನೋಡಿ. ಹೆಚ್ಚಿನವು ಮೊದಲ ನಮೂನೆಯವೇ ಆಗಿರುತ್ತವೆ.

ದಾರಿಗಳು ಮತ್ತೆ ಕೂಡಿದರೆ ಆಯ್ಕೆಗೆ ಬೆಲೆ ಎಲ್ಲಿ ಉಳಿಯಿತು ಎಂದು ಬರಹಗಾರರು ತಕರಾರು ತೆಗೆಯುತ್ತಾರೆ. ಉಳಿಯುತ್ತದೆ, ಗೇಮ್ ಅದನ್ನು ನೆನಪಿಟ್ಟುಕೊಂಡರೆ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬ ಸಂಜೆ ಕೊಯ್ಲಿನ ಚೀಲ ತೂಗಿಸುತ್ತಿದ್ದಾನೆ ಎಂದುಕೊಳ್ಳಿ. ಒಬ್ಬಾಕೆಯ ಚೀಲ ಮೂರು ಕಿಲೋ ಕಡಿಮೆ ಬಂತು. ಆಡುವವರಿಗೆ ಮೂರು ಆಯ್ಕೆ: ಇದ್ದಷ್ಟೇ ಬರೆಯುವುದು, ಮೂರು ಕಿಲೋ ಸೇರಿಸಿ ಬರೆಯುವುದು, ಆ ಸಾಲನ್ನು ಖಾಲಿ ಬಿಡುವುದು. ಯಾವುದನ್ನು ಒತ್ತಿದರೂ ಮುಂದಿನ ದೃಶ್ಯ ಒಂದೇ. ಮಾಲೀಕರು ಬಂದು ಪುಸ್ತಕ ತಿರುವುತ್ತಾರೆ. ಬದಲಾಗುವುದು ಆ ದೃಶ್ಯದ ಒಂದು ವಾಕ್ಯ, ಆಮೇಲೆ ಕೊನೆಯಲ್ಲಿ ಆಕೆ ಮಾರನೆಯ ದಿನ ಕೆಲಸಕ್ಕೆ ಬಂದಳೋ ಇಲ್ಲವೋ ಎಂಬುದು. ಒಂದು ವೇರಿಯಬಲ್ (ಆಯ್ಕೆಯನ್ನು ನೆನಪಿಡುವ ಖಾನೆ), ಎರಡು ಷರತ್ತು. ಇದೇ ಜಾಗದಲ್ಲಿ ‘ಎಡ ದಾರಿ ಹಿಡಿಯುತ್ತೀರಾ, ಬಲ ದಾರಿ ಹಿಡಿಯುತ್ತೀರಾ’ ಎಂದು ಕೇಳಿದರೆ ಅದು ಆಯ್ಕೆಯಲ್ಲ, ಊಹೆ. ಯಾವ ದಾರಿಗೆ ಯಾವ ಬೆಲೆ ಎಂದು ಗೊತ್ತಿದ್ದರೆ ಮಾತ್ರ ಆಡುವವರು ಯೋಚಿಸುತ್ತಾರೆ.

ಆದ್ದರಿಂದ ಜಾಮ್ ನಡೆಸುವವರ ಮೊದಲ ಕೆಲಸ ಅಳತೆ ಕೊಡುವುದು. ‘ಗರಿಷ್ಠ 20 ತುಣುಕು, 1,500 ಪದ, ಕನಿಷ್ಠ ಎರಡು ಮುಕ್ತಾಯ, ಗೊತ್ತಿಲ್ಲದವರೊಬ್ಬರು 10 ನಿಮಿಷದಲ್ಲಿ ಆಡಿ ಮುಗಿಸುವಂತಿರಬೇಕು’ ಎಂದು ಮೊದಲೇ ಸಾರಿಬಿಡಿ. ಥೀಮ್ ಕೂಡ ಅಳತೆಯ ಕೆಲಸ ಮಾಡಬೇಕು. ‘ಮಳೆ’, ‘ಕಾಫಿ’, ‘ಕಾವೇರಿ’ ಎಂದು ಕೊಟ್ಟರೆ ವರ್ಣನೆ ತುಂಬಿದ ಪ್ರಬಂಧ ಬರುತ್ತದೆ, ಏಕೆಂದರೆ ಅದರಲ್ಲಿ ಯಾರೂ ಏನನ್ನೂ ನಿರ್ಧರಿಸಬೇಕಿಲ್ಲ. ‘ಕೊನೆಯ ಬಸ್ಸಿಗೆ ಇಪ್ಪತ್ತು ನಿಮಿಷ’ ಎಂದು ಕೊಡಿ. ಗಡುವು ಇದೆ, ಜಾಗ ಇದೆ, ಬಿಟ್ಟುಹೋಗುವುದೋ ಉಳಿಯುವುದೋ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ: ಗುಡ್ಡ ಕುಸಿತ, ನೆರೆ ಮುಂತಾದವನ್ನು ನೀವೇ ಥೀಮ್ ಆಗಿ ಕೊಡಬೇಡಿ. 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡವರು ಅದೇ ಹಾಲ್‌ನಲ್ಲಿ ಕೂತಿರಬಹುದು. ಯಾರಾದರೂ ತಾವಾಗಿ ಆ ವಿಷಯ ಎತ್ತಿಕೊಂಡರೆ ಅದು ಅವರ ಹಕ್ಕು. ಗೇಮ್‌ನ ಮೊದಲ ಪರದೆಯಲ್ಲಿ ವಿಷಯ ಇಂಥದ್ದು ಎಂದು ಒಂದು ಸಾಲು ಹಾಕಿಸಿ.

48 ಗಂಟೆ ಎಂಬುದು ಶಾಸ್ತ್ರವಲ್ಲ. 2009ರ ಜನವರಿಯಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಮತ್ತು ಅದಕ್ಕೂ ಹಳೆಯ ಆನ್‌ಲೈನ್ ಜಾಮ್ ಆದ ಲೂಡಮ್ ಡೇರ್‌ನಿಂದ ಆ ಲೆಕ್ಕ ಎಲ್ಲೆಡೆ ಹರಡಿತು. ಅದಕ್ಕೆ ಮೊದಲು, 2002ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ನಡೆದ ಇಂಡಿ ಗೇಮ್ ಜಾಮ್ ನಾಲ್ಕು ದಿನದ್ದು. ಅಲ್ಲಿ ಬಂದವರೆಲ್ಲ ನುರಿತ ಪ್ರೋಗ್ರಾಮರ್‌ಗಳೇ. ಆದರೂ ನಡೆಸಿದವರು ಎಲ್ಲರಿಗೂ ಒಂದೇ ಎಂಜಿನ್ (ಗೇಮ್ ಕಟ್ಟಲು ತಳಹದಿಯಾಗುವ ತಂತ್ರಾಂಶ) ಮೊದಲೇ ಸಿದ್ಧ ಮಾಡಿ ಕೈಗಿತ್ತಿದ್ದರು. ಕೋಡಿಂಗ್ ಬರುವವರಿಗೇ ಅಷ್ಟು ತಯಾರಿ ಬೇಕಿದ್ದರೆ ಬಾರದವರಿಗೆ ಇನ್ನೆಷ್ಟು ಬೇಕು?

ಮೈಸೂರಿನಿಂದ ಯಾರನ್ನೂ ಕರೆಸಬೇಡಿ. ಹೊರಗಿನಿಂದ ಬಂದ ಪ್ರೋಗ್ರಾಮರ್ ತನಗೆ ಅಭ್ಯಾಸವಾದ ಎಂಜಿನ್ ಹಿಡಿದು ಕೂರುತ್ತಾನೆ, ಕಥೆ ಬರೆದವರು ಅವನ ಹಿಂದೆ ನಿಂತು ಕಾಯುತ್ತಾರೆ. ಟ್ವೈನ್ ಎಂಬ ಉಚಿತ ಸಾಧನ 2009ರಿಂದ ಇದೆ. ಕಥೆಯ ಒಂದೊಂದು ತುಣುಕಿಗೆ ಒಂದೊಂದು ಚೌಕ, ಜೋಡಿ ಚೌಕ ಬ್ರಾಕೆಟ್‌ನೊಳಗೆ ಮುಂದಿನ ತುಣುಕಿನ ಹೆಸರು ಬರೆದರೆ ಲಿಂಕ್ ತಯಾರು. ಕೊನೆಗೆ ಸಿಗುವುದು ಒಂದೇ ಎಚ್‌ಟಿಎಂಎಲ್ ಫೈಲ್. ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಸರಿ, ಬ್ರೌಸರ್‌ನಲ್ಲಿ ನೆಟ್ ಇಲ್ಲದೆ ಓಡುತ್ತದೆ. ಒಂದು ಗಂಟೆ ಕೂತು ಕಲಿಸಿದರೆ ಟೀಮ್‌ಗೆ ಬೇಕಾದಷ್ಟು ಬರುತ್ತದೆ. ಆ ಒಂದು ಗಂಟೆಯನ್ನು ಜಾಮ್‌ನ ಹಿಂದಿನ ವಾರವೇ ಮುಗಿಸಿ, ಜಾಮ್‌ನ ಬೆಳಿಗ್ಗೆಯಲ್ಲ.

ಟ್ವೈನ್‌ನಲ್ಲಿ ಕನ್ನಡದವರು ಎಡವುವ ಜಾಗಗಳಿವೆ. ತುಣುಕಿನ ಹೆಸರೂ ಲಿಂಕ್‌ನೊಳಗಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ‘ಬಸ್‌ಸ್ಟ್ಯಾಂಡ್’ ಎಂದು ಒಬ್ಬರು ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಬಿಡಿಸುವ ಚಿಹ್ನೆ ಸೇರಿರುತ್ತದೆ, ಇನ್ನೊಬ್ಬರು ಟೈಪ್ ಮಾಡಿದ್ದರಲ್ಲಿ ಅದಿರುವುದಿಲ್ಲ. ಟ್ವೈನ್ ಅವೆರಡನ್ನೂ ಬೇರೆ ಹೆಸರು ಎಂದೇ ತಿಳಿದು ಹೊಸದೊಂದು ಖಾಲಿ ಚೌಕ ತೆರೆದುಬಿಡುತ್ತದೆ. ಆಡುವವರು ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ತುಣುಕುಗಳಿಗೆ ‘3ಅ’, ‘3ಬಿ’ ಎಂಬಂಥ ಗಿಡ್ಡ ಹೆಸರಿಡಿ. ವೇರಿಯಬಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಎರಡನೆಯದು, ಬ್ರೌಸರ್‌ನಲ್ಲಿ ಟ್ವೈನ್ ಬಳಸಿದರೆ ಕಥೆ ಆ ಬ್ರೌಸರ್‌ನ ಹೊಟ್ಟೆಯಲ್ಲೇ ಉಳಿಯುತ್ತದೆ. ಹಿಸ್ಟರಿ ಅಳಿಸಿದರೆ ಕಥೆಯೂ ಹೋಗಬಹುದು. ಕೆಲವು ಕಾಲೇಜು ಲ್ಯಾಬ್‌ಗಳಲ್ಲಿ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮೊದಲಿನಂತಾಗುವ ವ್ಯವಸ್ಥೆ ಇರುತ್ತದೆ, ಅಲ್ಲಂತೂ ಖಂಡಿತ ಹೋಗುತ್ತದೆ. ಡೆಸ್ಕ್‌ಟಾಪ್ ಆವೃತ್ತಿ ಹಾಕಿಸಿ, ಗಂಟೆಗೊಮ್ಮೆ ಗಂಟೆ ಬಾರಿಸಿ ಎಲ್ಲರಿಂದ ಫೈಲ್ ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಿ.

ಇನ್ನೊಂದು ಸಮಸ್ಯೆ ಟೀಮ್‌ನ ಒಳಗಿನದು. ಒಂದೇ ಟ್ವೈನ್ ಕಥೆಯನ್ನು ಇಬ್ಬರು ಒಟ್ಟಿಗೆ ತಿದ್ದಲಾಗುವುದಿಲ್ಲ. ಟೀಮ್‌ಗೆ ಒಂದು ಲ್ಯಾಪ್‌ಟಾಪ್ ಮುಖ್ಯ ಎಂದು ಗೊತ್ತುಮಾಡಿ, ಉಳಿದವರು ಕಾಗದದ ಮೇಲೋ ಸಾದಾ ಟೆಕ್ಸ್ಟ್ ಫೈಲ್‌ನಲ್ಲೋ ಬರೆದು ಅವರಿಗೆ ಕೊಡಬೇಕು. ಮೂವರೂ ಒಟ್ಟಿಗೆ ಟೈಪ್ ಮಾಡಲೇಬೇಕು ಎನ್ನುವವರಿಗೆ ಇಂಕ್ ಎಂಬ ಸಾಧನ ವಾಸಿ. ಅದು 2016ರಿಂದ ಮುಕ್ತ ತಂತ್ರಾಂಶ, ಎಲ್ಲವೂ ಟೆಕ್ಸ್ಟ್ ಫೈಲ್, ಒಬ್ಬೊಬ್ಬರ ಫೈಲನ್ನೂ ಕೊನೆಗೆ ಜೋಡಿಸಬಹುದು. ಕಲಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ.

ನಿಮ್ಮ ಒಂದು ಟೀಮಿನ ಅಕ್ಷರ ಒಡೆದದ್ದಕ್ಕೆ ಹೆಚ್ಚಾಗಿ ಎರಡರಲ್ಲೊಂದು ಕಾರಣ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡಿದ್ದರೆ ಯಾರೋ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ವಿಧಾನದಲ್ಲಿ ಟೈಪ್ ಮಾಡಿ ಅಂಟಿಸಿದ್ದಾರೆ. ಯುನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ. ಕನ್ನಡವೇ ಕಂಡು, ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತಿದ್ದರೆ, ಅರ್ಕಾವತ್ತು ದಿಕ್ಕು ತಪ್ಪಿದ್ದರೆ ತೊಂದರೆ ಎಂಜಿನ್‌ನದ್ದು. ಯುನಿಟಿ ಎಂಬ ಎಂಜಿನ್‌ನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್‌ಪ್ರೋ ಕನ್ನಡದ ಅಕ್ಷರ ಜೋಡಣೆಯನ್ನು ತಾನಾಗಿ ಮಾಡುವುದಿಲ್ಲ. ಗೊಡೋ ಎಂಬ ಎಂಜಿನ್‌ನ 3ನೇ ಆವೃತ್ತಿಯಲ್ಲೂ ಅದೇ ಕಥೆ, ಗೊಡೋ 4ರಲ್ಲಿ ಸರಿಯಾಗಿದೆ. ಬಿಟ್ಸಿ ಮುದ್ದಾದ ಸಾಧನ, ಆದರೆ ಕನ್ನಡಕ್ಕೆ ಆಗಿಬರುವುದಿಲ್ಲ. ಟ್ವೈನ್‌ಗೆ ಈ ಕಾಟವಿಲ್ಲ, ಅಕ್ಷರ ಜೋಡಿಸುವ ಕೆಲಸವನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಸಾಲುಗಳ ನಡುವಿನ ಅಂತರ ಮಾತ್ರ 1.6ರಷ್ಟು ಇಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಯಾವುದೇ ಸಾಧನ ಒಪ್ಪಿಕೊಳ್ಳುವ ಮೊದಲು ‘ಸ್ತ್ರೀ, ಕ್ಷೌರ, ಅರ್ಥ, ಕೃಷ್ಣ, ಹತ್ತೊಂಬತ್ತು’ ಎಂದು ಬರೆದು ತೆರೆಯ ಮೇಲೆ ನೋಡಿ. ಎರಡು ನಿಮಿಷದ ಕೆಲಸ.

ಕರೆಂಟಿನ ವಿಷಯಕ್ಕೆ ಬರೋಣ. ಕೊಡಗಿನಲ್ಲಿ ಜುಲೈ ತಿಂಗಳಿನಲ್ಲಿ ರಾತ್ರಿ ಪೂರ್ತಿ ಕರೆಂಟು ಇರುತ್ತದೆ ಎಂದು ನಂಬಿದ್ದೇ ಸಾಹಸ. ಮರ ಬಿದ್ದು ತಂತಿ ಹರಿದರೆ ಚೆಸ್ಕಾಂನವರೂ ಬೆಳಕಾಗದೆ ಏನು ಮಾಡಿಯಾರು! ಹಾಲ್‌ನಲ್ಲಿ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಮನೆಬಳಕೆಯ ಯುಪಿಎಸ್ ಇದ್ದರೆ ಲೆಕ್ಕ ಹೀಗೆ: 12 ವೋಲ್ಟ್‌ಗೆ 150 ಗುಣಿಸಿದರೆ 1,800 ವಾಟ್-ಅವರ್, ಬ್ಯಾಟರಿ ಹಳತಾಗಿದ್ದು, ನಷ್ಟವನ್ನೂ ಕಳೆದರೆ 1,200 ಕೈಗೆ ಸಿಗಬಹುದು. ಲ್ಯಾಪ್‌ಟಾಪ್ ಒಂದಕ್ಕೆ 40 ವಾಟ್ ಹಿಡಿದರೆ ಹತ್ತು ಲ್ಯಾಪ್‌ಟಾಪ್ ಮೂರು ಗಂಟೆ ನಡೆಯುತ್ತವೆ. ಡೆಸ್ಕ್‌ಟಾಪ್‌ಗಳನ್ನು ಆ ಲೈನ್‌ಗೆ ಹಾಕಬೇಡಿ. ಕಾಫಿಗೆ ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲನ್ನಂತೂ ಎಕ್ಸ್‌ಟೆನ್ಷನ್ ಬಾಕ್ಸ್‌ನ ಹತ್ತಿರವೂ ಸುಳಿಯಗೊಡಬೇಡಿ. 1,500 ವಾಟ್ ಎಳೆಯುವ ಅದು ಟ್ರಿಪ್ ಆಗುವುದು ಸರಿಯಾಗಿ ಅಪ್‌ಲೋಡ್ ಹೊತ್ತಿಗೇ.

ಅದಕ್ಕಿಂತ ಮೊದಲು ದಿನ ಆರಿಸುವುದನ್ನು ಸರಿಮಾಡಿಕೊಳ್ಳಿ. ಜೂನ್‌ನಿಂದ ಆಗಸ್ಟ್ ಕಳೆಯುವ ತನಕ ಮಳೆ. ನವೆಂಬರ್‌ನಿಂದ ಅರೇಬಿಕಾ, ಆಮೇಲೆ ರೋಬಸ್ಟಾ ಕೊಯ್ಲು, ನಡುವೆ ಹುತ್ತರಿ ಎಂಬ ಸುಗ್ಗಿ ಹಬ್ಬ. ತೋಟದ ಮನೆಯವರು ಯಾರೂ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ಸಮಾಜದ ಹಾಲ್‌ಗಳು ಮದುವೆಗೆ ಹೋಗಿರುತ್ತವೆ, ಜನ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮೈದಾನದಲ್ಲಿರುತ್ತಾರೆ. ಉಳಿದದ್ದರಲ್ಲಿ ತುಲಾ ಸಂಕ್ರಮಣ ಕಳೆದ ಮೇಲಿನ ಅಕ್ಟೋಬರ್ ಕೊನೆಯ ದಿನಗಳು ವಾಸಿ.

ರಾತ್ರಿಯಿಡೀ ನಡೆಸುವುದನ್ನು ಬಿಟ್ಟುಬಿಡಿ. ನಿದ್ದೆಗೆಟ್ಟವರು ಬರೆದದ್ದನ್ನು ಬೆಳಿಗ್ಗೆ ಮತ್ತೆ ಬರೆಯಬೇಕಾಗುತ್ತದೆ. ಅದಲ್ಲದೆ ತಿತಿಮತಿ, ಸಿದ್ದಾಪುರ ಕಡೆಯವರು ಕತ್ತಲಾದ ಮೇಲೆ ಬೈಕಿನಲ್ಲಿ ಹೊರಟರೆ ಆನೆ ಎದುರಾಗುವ ಭಯ ಸುಮ್ಮನೆ ಹೇಳುವ ಮಾತಲ್ಲ. ಎರಡು ಹಗಲು, ಬೆಳಿಗ್ಗೆ 9.30ರಿಂದ ಸಂಜೆ 4.30. ಥೀಮನ್ನು ಶುಕ್ರವಾರ ಸಂಜೆಯೇ ವಾಟ್ಸಾಪ್‌ನಲ್ಲಿ ಹೇಳಿಬಿಡಿ, ಮನೆಯಲ್ಲಿ ಯೋಚಿಸಿ ಬರಲಿ. ಶನಿವಾರ 11ಕ್ಕೆ ಟೀಮ್ ಆಗಿರಬೇಕು, ಮೂವರಿಗಿಂತ ಕಡಿಮೆ ಬೇಡ, ನಾಲ್ವರಿಗಿಂತ ಹೆಚ್ಚು ಬೇಡ. ಸ್ನೇಹಿತರು ಸ್ನೇಹಿತರ ಜೊತೆಗೇ ಅಂಟಿಕೊಂಡು ಒಂಟಿಯಾಗಿ ಬಂದವರು ಮೂಲೆಗೆ ಬೀಳುವುದು ಇಲ್ಲೇ. ‘ಟೀಮ್‌ನಲ್ಲಿ ಒಬ್ಬರಾದರೂ ಹೊಸಬರಿರಬೇಕು’ ಎಂದು ನಿಯಮ ಮಾಡಿ. ಮಧ್ಯಾಹ್ನ 12.30ಕ್ಕೆ ನೀವು ಪ್ರತಿ ಟೀಮ್‌ನ ಬಳಿ ಹೋಗಿ ಮೂರು ವಾಕ್ಯ ಕೇಳಿ: ಆಡುವವರು ಯಾರು, ಏನನ್ನು ಆರಿಸಬೇಕು, ಹೇಗೆ ಮುಗಿಯುತ್ತದೆ. ಮೂರನೆಯದಕ್ಕೆ ಉತ್ತರ ಇಲ್ಲದ ಟೀಮ್‌ಗೆ ಊಟ ಆದ ಮೇಲೆ ಜೊತೆಗೆ ಕೂರಿ, ಮುಕ್ತಾಯವನ್ನೇ ಮೊದಲು ಬರೆಸಿ. ಸಂಜೆ ನಾಲ್ಕಕ್ಕೆ ಒಂದೊಂದೇ ವಾಕ್ಯದ ಆರೇಳು ತುಣುಕಾದರೂ ಮೊದಲಿನಿಂದ ಕೊನೆಯ ತನಕ ಓಡಬೇಕು.

ಭಾನುವಾರ 11.30ಕ್ಕೆ ಟೀಮ್‌ಗಳು ಗೇಮ್ ಅದಲುಬದಲು ಮಾಡಿ ಆಡಲಿ. ಮಾಡಿದವರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು, ಇದೇ ಎಲ್ಲಕ್ಕಿಂತ ಕಷ್ಟದ ನಿಯಮ. ಆಡಿದವರು ಚೀಟಿಯಲ್ಲಿ ಬರೆಯಬೇಕಾದದ್ದು ಮೂರು: ಎಲ್ಲಿ ತಡವರಿಸಿದೆ, ಎಲ್ಲಿ ಓದುವುದನ್ನು ಬಿಟ್ಟು ಸುಮ್ಮನೆ ಒತ್ತುತ್ತ ಹೋದೆ, ಯಾವ ಆಯ್ಕೆ ನೆನಪಿದೆ. ಒಂದೂವರೆಗೆ ಹೊಸ ಬರವಣಿಗೆ ಬಂದ್, ಆಮೇಲೆ ತಿದ್ದುಪಡಿ ಮಾತ್ರ. ಮೂರಕ್ಕೆ ಫೈಲ್ ನಿಮ್ಮ ಕೈ ಸೇರಬೇಕು. ಗೇಮ್ ಹಂಚುವ ಜಾಲತಾಣ ಇಚ್.ಐಒದಲ್ಲಿ ಜಾಮ್ ಪುಟ ತೆರೆದಿದ್ದರೆ ಅಪ್‌ಲೋಡ್ ಅನ್ನು ನಿಮ್ಮಲ್ಲೊಬ್ಬರು ಒಂದೇ ಲ್ಯಾಪ್‌ಟಾಪ್‌ನಿಂದ ಮಾಡಲಿ. ಚಿತ್ರ ಕಾಣದೆ ಹೋಗುವುದು ಸಾಮಾನ್ಯವಾಗಿ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸದಿಂದ. ವಿಂಡೋಸ್ ಅದನ್ನು ಲೆಕ್ಕಿಸುವುದಿಲ್ಲ, ಸರ್ವರ್ ಲೆಕ್ಕಿಸುತ್ತದೆ. ಫೈಲ್ ಹೆಸರುಗಳು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಉಳಿದ ಒಂದೂವರೆ ಗಂಟೆ ಎಲ್ಲರೂ ಎಲ್ಲರದನ್ನೂ ಆಡುವುದಕ್ಕೆ.

ಇದಕ್ಕೆ ಜನ 24ಕ್ಕಿಂತ ಹೆಚ್ಚು ಬೇಡ, ನಡೆಸುವವರು ನಾಲ್ವರಾದರೂ ಇರಬೇಕು. ಒಬ್ಬರು ಗಡಿಯಾರ, ಒಬ್ಬರು ಕಂಪ್ಯೂಟರ್, ಒಬ್ಬರು ಊಟ ಮತ್ತು ಜನರನ್ನು ಮನೆ ಮುಟ್ಟಿಸುವುದು, ಒಬ್ಬರು ಕಥೆಯಲ್ಲಿ ಸಿಕ್ಕಿಬಿದ್ದವರ ಜೊತೆ ಕೂರುವುದು. ಈ ನಾಲ್ವರು ಗೇಮ್ ಮಾಡಕೂಡದು. 18 ತುಂಬದವರು ಬಂದರೆ ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೆರಡು ದಾರಿಗಳೂ ಇವೆ. ಹತ್ತು ದಿನದ ಆನ್‌ಲೈನ್ ಜಾಮ್ ಮಾಡಿದರೆ ಹಾಲ್, ಊಟ, ಕರೆಂಟಿನ ತಲೆನೋವಿಲ್ಲ, ಬೆಂಗಳೂರಿನಲ್ಲಿರುವ ನಿಮ್ಮ ಊರಿನವರೂ ಸೇರಬಹುದು. ಆದರೆ ನಾಲ್ಕನೆಯ ದಿನಕ್ಕೆ ಸದ್ದಡಗುತ್ತದೆ. ಐದನೆಯ ದಿನ ವಿಡಿಯೋ ಕರೆಯಲ್ಲಿ ಅರ್ಧಂಬರ್ಧ ಗೇಮ್‌ಗಳನ್ನೇ ಆಡಿಸದಿದ್ದರೆ ಮುಗಿಯಿತು ಎನ್ನಿ. ಇನ್ನೊಂದು, ಒಂದೇ ದಿನದ ಕಾಗದದ ಜಾಮ್. ಇಂಡೆಕ್ಸ್ ಕಾರ್ಡ್, ಆರು ಮುಖದ ದಾಳ, ಪೆನ್ನು ಇಷ್ಟೇ. ಒಂದು ಪುಟದಲ್ಲಿ ನಿಯಮವೆಲ್ಲ ಮುಗಿಯುವ, ಮೂವರು ಕೂತು ಕಥೆ ಕಟ್ಟುತ್ತ ಆಡುವ ಗೇಮ್. ಲ್ಯಾಪ್‌ಟಾಪ್ ಇಲ್ಲದವರಿಗೆ ಬಾಗಿಲು ತೆರೆಯುತ್ತದೆ, ಮಳೆಗಾಲದಲ್ಲೂ ನಡೆಯುತ್ತದೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಮಾಡಬಹುದು. ಇದರ ತೊಡಕೆಂದರೆ ಮಾಡಿದವರೇ ಪಕ್ಕದಲ್ಲಿದ್ದು ವಿವರಿಸಿದರೆ ಮಾತ್ರ ಅರ್ಥವಾಗುವ ನಿಯಮಗಳು ಹುಟ್ಟುತ್ತವೆ. ನಿಯಮದ ಹಾಳೆಯನ್ನು ಬೇರೆ ಟೀಮ್‌ಗೆ ಕೊಟ್ಟು ಮಾಡಿದವರನ್ನು ಹೊರಗೆ ಕಾಫಿಗೆ ಕಳಿಸಿ, ಆಗ ಗೊತ್ತಾಗುತ್ತದೆ. ನಿಮ್ಮ ಜಾಗದಲ್ಲಿದ್ದರೆ ನಾನು ಮೊದಲು ಇದನ್ನೊಂದು ಮಾಡಿ, ಆಮೇಲೆ ಅಕ್ಟೋಬರ್‌ನ ಎರಡು ಹಗಲಿಗೆ ಕೈ ಹಾಕುತ್ತಿದ್ದೆ.

ಬಹುಮಾನ ಬೇಡ. ಲೂಡಮ್ ಡೇರ್‌ನಲ್ಲೂ ಹಣದ ಬಹುಮಾನವಿಲ್ಲ, ಗ್ಲೋಬಲ್ ಗೇಮ್ ಜಾಮ್ ಸ್ಪರ್ಧೆಯೇ ಅಲ್ಲ. 34 ಜನರಲ್ಲಿ ಓಟು ಹಾಕಿಸಿದರೆ ಯಾರ ಸ್ನೇಹಿತರು ಹೆಚ್ಚಿದ್ದಾರೋ ಅವರು ಗೆಲ್ಲುತ್ತಾರೆ, ತೀರ್ಪುಗಾರರನ್ನು ಕೂರಿಸಿದರೆ ಅವರು ಯಾರ ಕಡೆಯವರು ಎಂಬ ಮಾತು ಬರುತ್ತದೆ. ಪ್ರಾಯೋಜಕರು ದುಡ್ಡು ಕೊಟ್ಟೇ ತೀರುತ್ತೇವೆ ಎಂದರೆ ಊಟಕ್ಕೆ, ಬಸ್ ಖರ್ಚಿಗೆ, ಬಾಡಿಗೆ ಜನರೇಟರ್‌ಗೆ ಹಾಕಿ. ಗೇಮ್ ಯಾರದ್ದು ಎಂಬುದನ್ನೂ ಶನಿವಾರವೇ ಬರೆದಿಡಿ: ಟೀಮ್‌ನ ಎಲ್ಲರದ್ದೂ ಸಮ, ಮಾರುವುದಿದ್ದರೆ ಎಲ್ಲರ ಒಪ್ಪಿಗೆ, ತಾನು ಬರೆದ ಭಾಗವನ್ನು ಒಬ್ಬರು ಬೇರೆಡೆ ಬಳಸಬಹುದು. ಎಐ ಬಳಸಬಹುದೋ ಬಾರದೋ ಎಂಬುದನ್ನು ನೀವು ಮೊದಲೇ ತೀರ್ಮಾನಿಸಿ, ಬಳಸಿದ್ದರೆ ಹೇಳಬೇಕು ಎಂದು ಬರೆಯಿರಿ. ಕಥೆಯ ಮಾತಿಗೆ ಬೇಡ ಎಂಬುದು ನನ್ನ ಅಭಿಪ್ರಾಯ, ಜನ ಸೇರುವುದೇ ಬರೆಯುವುದಕ್ಕೆ.

ಹಳೆಯ ಕಥೆ, ಹಾಡಿನ ವಿಷಯದಲ್ಲಿ ಕಾನೂನು ಬೇರೆ, ಮರ್ಯಾದೆ ಬೇರೆ. ಅಜ್ಜಿ ಹೇಳಿದ ಜನಪದ ಕಥೆಗೆ ಕಾಪಿರೈಟ್ ಇಲ್ಲ. ಅದನ್ನು ಒಬ್ಬರು ತಮ್ಮ ಮಾತಿನಲ್ಲಿ ಬರೆದ ಪುಸ್ತಕಕ್ಕೆ ಇದೆ, ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಕೊಡವ ಜನಪದ ಸಂಗ್ರಹ ‘ಪಟ್ಟೋಲೆ ಪಳಮೆ’ಯ ಮೂಲ ಪಠ್ಯವನ್ನು ಯಾರೂ ಬಳಸಬಹುದು, ಅವರು ತೀರಿಕೊಂಡದ್ದು 1931ರಲ್ಲಿ. ಇತ್ತೀಚಿನವರು ಮಾಡಿದ ಅನುವಾದ, ಟಿಪ್ಪಣಿಗೆ ಅವರ ಹಕ್ಕಿದೆ. ಹಾಡಿನ ರೆಕಾರ್ಡಿಂಗ್‌ಗೂ ಹಾಗೆಯೇ, ಯೂಟ್ಯೂಬ್‌ನಿಂದ ಇಳಿಸಿ ಹಿನ್ನೆಲೆಗೆ ಹಾಕಬೇಡಿ. ನಿಮ್ಮಲ್ಲೊಬ್ಬರು ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ.

ಆಕ್ಷೇಪ ಬರುವುದು ಹೆಚ್ಚಾಗಿ ಕಾಪಿರೈಟ್‌ನಿಂದಲ್ಲ. ಇಂದಿಗೂ ನಡೆಯುವ ದೈವಾರಾಧನೆಯ ತೆರೆ, ಕೋಲ, ಮನೆತನದ ಮೂಲಪುರುಷರಾದ ಗುರುಕಾರಣರ ಪೂಜೆಯನ್ನು ಒಗಟಿನ ಹಂತವಾಗಿ ಮಾಡಿ, ‘ತಪ್ಪು ಆರಿಸಿದರೆ ದೈವ ಸಿಟ್ಟಾಗುತ್ತದೆ’ ಎಂದರೆ ಅದನ್ನು ನಡೆಸಿಕೊಂಡು ಬಂದ ಮನೆಯವರಿಗೆ ನೋವಾಗುತ್ತದೆ. ಆ ಮನೆಯ ಹಿರಿಯರನ್ನು ಕೇಳದೆ ಕೈ ಹಾಕಬೇಡಿ, ಬೇಡ ಎಂದರೆ ಬಿಟ್ಟುಬಿಡಿ. ಪಾತ್ರಗಳಿಗೆ ನಿಜವಾದ ಒಕ್ಕದ (ಕೊಡವ ಮನೆತನದ) ಹೆಸರು ಇಡಬೇಡಿ, ಆ ಹೆಸರಿನ ಖಳನಾಯಕನನ್ನು ನೋಡಿ ಗೋಣಿಕೊಪ್ಪ ಪೇಟೆಯಲ್ಲೇ ನಾಲ್ಕು ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಯರವ, ಕುರುಬ ಬುಡಕಟ್ಟಿನವರು ವಾಸಿಸುವ ಹಾಡಿಗಳಲ್ಲಿ ಕೇಳಿದ ಹಾಡು, ಕಥೆಯಾದರೆ ಹೇಳಿದವರ ಒಪ್ಪಿಗೆ ಕೇಳಿ, ಅವರು ಬಯಸಿದಂತೆ ಹೆಸರು ಹಾಕಿ, ಮುಗಿದ ಗೇಮನ್ನು ಹಾಡಿಗೇ ಒಯ್ದು ಆಡಿಸಿ ತೋರಿಸಿ. ಕೊಡವ ತಕ್ಕ್, ಅರೆಭಾಷೆಯ ಮಾತು ಬಂದಲ್ಲಿ ಅದನ್ನು ಹಾಗೆಯೇ ಇಡಿ. ಆ ಸಾಲನ್ನು ಒತ್ತಿದರೆ ಕೆಳಗೆ ಕನ್ನಡ ತೆರೆದುಕೊಳ್ಳುವಂತೆ ಟ್ವೈನ್‌ನಲ್ಲಿ ಮಾಡಬಹುದು. ಮಾತಿನಲ್ಲಿ ಅನುಮಾನವಿದ್ದರೆ ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇವೆ. ಜಾಮ್‌ಗೆ ಹದಿನೈದು ದಿನ ಮೊದಲೇ ಹೋಗಿ ಕೇಳಿ, ಭಾನುವಾರ ಮಧ್ಯಾಹ್ನ ಫೋನ್ ಮಾಡಿದರೆ ಎತ್ತುವವರು ಇರುವುದಿಲ್ಲ.